ವಿಂಡೋಸ್‌ನಿಂದ ಲಿನಕ್ಸ್ ಮಿಂಟ್‌ಗೆ: ಕೈ ತಡವರಿಸುವುದು ಎಲ್ಲಿ, ಕನ್ನಡ ಕೈಕೊಡುವುದು ಎಲ್ಲಿ

2025ರ ಅಕ್ಟೋಬರ್ 14ರ ನಂತರ ವಿಂಡೋಸ್ 10ಕ್ಕೆ ಉಚಿತ ಭದ್ರತಾ ಅಪ್‌ಡೇಟ್ ನಿಂತಿತು. ಮನೆ ಬಳಕೆದಾರರಲ್ಲಿ ಹೆಚ್ಚುವರಿ ಯೋಜನೆಗೆ ಹೆಸರು ಕೊಟ್ಟವರಿಗೆ ಮೈಕ್ರೋಸಾಫ್ಟ್ ಇನ್ನೊಂದು ವರ್ಷದ ವಾಯಿದೆ ಕೊಟ್ಟಿತು. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ, ಇಂಟೆಲ್ ಆದರೆ ಬಹುಮಟ್ಟಿಗೆ 8ನೇ ತಲೆಮಾರಿನ ಪ್ರೊಸೆಸರ್ ಕೇಳುತ್ತದೆ. 2016–17ರಲ್ಲಿ ಕೊಂಡ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಆ ಪ್ರೊಸೆಸರ್ ಇರುವುದಿಲ್ಲ. ಸ್ಕ್ರೀನು, ಕೀಬೋರ್ಡು ಎಲ್ಲ ನೆಟ್ಟಗಿದ್ದೂ ಯಂತ್ರ ‘ಹಳತು’ ಎನಿಸಿಕೊಂಡಿತು. ಆಗ ಮನೆಯಲ್ಲಿ ಸ್ವಲ್ಪ ತಿಳಿದವರು ಯಾರಾದರೂ, ಮಗಳೋ, ಅಳಿಯನೋ, ರಿಪೇರಿ ಅಂಗಡಿಯ ಹುಡುಗನೋ, ಅದಕ್ಕೆ ವಿಂಡೋಸ್ ಬದಲಿಗೆ ಬಳಸುವ ಉಚಿತ ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್ ಮಿಂಟ್ ಹಾಕಿಕೊಡುತ್ತಾರೆ. ಹಾಕುವುದು ಅರ್ಧ ಗಂಟೆಯ ಕೆಲಸ. ಹಾಕಿದವರು ಊರಿಗೆ ಹೋದ ಮಾರನೆಯ ಬೆಳಿಗ್ಗೆ ಫೋನ್ ಬರುತ್ತದೆ: ‘ನನ್ನ ಡಿ ಡ್ರೈವೇ ಇಲ್ವಲ್ಲ.’

ಈ ಲೇಖನ ಆ ಬೆಳಿಗ್ಗೆಯ ಬಗ್ಗೆ. ಕಂಪ್ಯೂಟರನ್ನು ಕೆಲಸಕ್ಕಷ್ಟೇ ಬಳಸುವವರು ಅದನ್ನು ಕಲಿತಿರುವುದು ಜಾಗಗಳ ಮೂಲಕ: ಎಡಗಡೆ ಕೆಳಗೆ ಒತ್ತಬೇಕು, ಹಳದಿ ಫೋಲ್ಡರ್ ತೆಗೆಯಬೇಕು, ಡಿ ಒಳಗೆ ‘ಸಂಘದ ಲೆಕ್ಕ’ ಇದೆ. ಆ ಜಾಗ ಯಾಕೆ ಅಲ್ಲಿದೆ ಎಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ಹೇಳಿಕೊಡುವ ಅಗತ್ಯವೂ ಬಿದ್ದಿರಲಿಲ್ಲ. ಅದಕ್ಕೇ ಸಿಸ್ಟಂ ಬದಲಾದಾಗ ತಡವರಿಕೆ ಎಲ್ಲ ಕಡೆಯೂ ಆಗುವುದಿಲ್ಲ, ಬೆರಳೆಣಿಕೆಯ ಕೆಲವೇ ಕಡೆ ಆಗುತ್ತದೆ, ಮತ್ತೆ ಮತ್ತೆ ಅಲ್ಲೇ ಆಗುತ್ತದೆ. ಆ ಜಾಗಗಳನ್ನು ಮೊದಲೇ ಸರಿಮಾಡಿಟ್ಟರೆ ಫೋನ್ ಕರೆ ಮುಕ್ಕಾಲು ಪಾಲು ಕಡಿಮೆ.

ಲಿನಕ್ಸ್‌ನಲ್ಲಿ ಹತ್ತಾರು ಬಗೆಗಳಿದ್ದರೂ ಹೊಸಬರಿಗೆ ಮಿಂಟ್‌ನ ‘ಸಿನಮನ್’ ಆವೃತ್ತಿಯನ್ನೇ ಸೂಚಿಸಲು ಕಾರಣ ಇಷ್ಟೇ: ಮೆನು ಎಡಗಡೆ ಕೆಳಗೇ ಇದೆ, ಗಡಿಯಾರ ಬಲಗಡೆ ಕೆಳಗೇ ಇದೆ, ಕಿಟಕಿ ಮುಚ್ಚುವ ಗುರುತು ಬಲ ಮೂಲೆಯಲ್ಲೇ ಇದೆ. ಕಣ್ಣು ಹುಡುಕುವ ಜಾಗ ಬದಲಾಗಿಲ್ಲ. 4 ಜಿಬಿ ರ‍್ಯಾಮ್ ಇದ್ದರೆ ನಡೆಯುತ್ತದೆ, ಅದಕ್ಕಿಂತ ಕಡಿಮೆ ಇದ್ದರೆ ‘ಎಕ್ಸ್‌ಎಫ್‌ಸಿಇ’ ಆವೃತ್ತಿ ಹಗುರ. ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಮೊದಲು ಒಂದು ಎಸ್‌ಎಸ್‌ಡಿ ಹಾಕಿಸಿ. ಯಾವ ಸಿಸ್ಟಂ ಹಾಕಿದರೂ ಅಷ್ಟು ವೇಗ ಬರುವುದಿಲ್ಲ, ಅದೊಂದನ್ನು ಬದಲಿಸಿದರೆ ಬರುತ್ತದೆ.

ಹಾಕುವ ಮುಂಚೆ

ಕೆಲಸಕ್ಕೆ ಬೇಕಾದ ಪ್ರೋಗ್ರಾಂಗಳ ಪಟ್ಟಿಯನ್ನು ಬಳಸುವವರ ಪಕ್ಕದಲ್ಲೇ ಕೂತು ಮಾಡಿ. ‘ಏನು ಬಳಸುತ್ತೀರಿ’ ಎಂದು ಕೇಳಿದರೆ ‘ಇಂಟರ್ನೆಟ್ಟು, ಟೈಪಿಂಗು’ ಎನ್ನುತ್ತಾರೆ, ತಿಂಗಳಿಗೊಮ್ಮೆ ತೆಗೆಯುವ ಟ್ಯಾಲಿ ನೆನಪಿಗೆ ಬರುವುದಿಲ್ಲ. ಟ್ಯಾಲಿ ವಿಂಡೋಸ್‌ಗಾಗಿ ಮಾಡಿದ್ದು, ನುಡಿ ತಂತ್ರಾಂಶವೂ ಹಾಗೆಯೇ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವವರಿದ್ದರೆ ಆ ಟೋಕನ್ನಿಗೂ ಸಹಿ ಹಾಕುವ ತಾಣಕ್ಕೂ ಲಿನಕ್ಸ್ ಬೆಂಬಲ ಇದೆಯೇ ಎಂದು ಮೊದಲೇ ಪರೀಕ್ಷಿಸಬೇಕು. ಇವುಗಳಲ್ಲಿ ಯಾವುದಾದರೊಂದು ದಿನನಿತ್ಯದ ಕೆಲಸವಾಗಿದ್ದರೆ ವಿಂಡೋಸನ್ನು ಅಳಿಸಬೇಡಿ. ಎರಡನ್ನೂ ಇಟ್ಟುಕೊಳ್ಳಿ, ಇಲ್ಲವೇ ಮಿಂಟ್ ಯೋಚನೆಯನ್ನೇ ಬಿಡಿ. ಪುಸ್ತಕ, ಲಗ್ನಪತ್ರಿಕೆ ಮಾಡುವ ಡಿಟಿಪಿ ಅಂಗಡಿಗೆ ಮಿಂಟ್ ಹಾಕುವುದು ನನ್ನ ಪ್ರಕಾರ ಉಪಕಾರವಲ್ಲ.

ವಿಂಡೋಸ್ ಇರುವಾಗಲೇ ಎರಡು ಕೆಲಸ ಮುಗಿಸಿ. ಒಂದು, ಡಿಸ್ಕಿಗೆ ಬೀಗ ಹಾಕುವ ‘ಬಿಟ್‌ಲಾಕರ್’ ಅಥವಾ ‘ಡಿವೈಸ್ ಎನ್‌ಕ್ರಿಪ್ಶನ್’ ಚಾಲೂ ಇದೆಯೇ ನೋಡಿ. ಇದ್ದರೆ 48 ಅಂಕಿಗಳ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಡಿ. ಬಯಾಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ತೆರೆಯುವ ಯಂತ್ರದ ಮೂಲ ಸೆಟ್ಟಿಂಗ್‌ಗಳಲ್ಲಿ, ‘ಸೆಕ್ಯೂರ್ ಬೂಟ್’ ಎಂಬ ಭದ್ರತಾ ಆಯ್ಕೆ ಬದಲಿಸಿದ ಕೂಡಲೇ ವಿಂಡೋಸ್ ಅದನ್ನು ಕೇಳಬಹುದು, ಕೀ ಇಲ್ಲದಿದ್ದರೆ ಫೈಲುಗಳು ಸಿಗುವುದಿಲ್ಲ. ಎರಡು, ‘ಫಾಸ್ಟ್ ಸ್ಟಾರ್ಟಪ್’ ತೆಗೆಯಿರಿ: ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಶನ್ಸ್, ಎಡಗಡೆಯ ‘ಚೂಸ್ ವಾಟ್ ದ ಪವರ್ ಬಟನ್ಸ್ ಡು’, ಅಲ್ಲಿರುವ ಟಿಕ್ ತೆಗೆಯಬೇಕು. ಅದು ಚಾಲೂ ಇದ್ದಾಗ ವಿಂಡೋಸ್ ಪೂರ್ತಿ ಆಫ್ ಆಗುವುದಿಲ್ಲ, ಅರೆನಿದ್ದೆಗೆ ಹೋಗುತ್ತದೆ, ಡಿಸ್ಕನ್ನು ತನ್ನ ಹಿಡಿತದಲ್ಲೇ ಇಟ್ಟುಕೊಂಡಿರುತ್ತದೆ. ಅಂಥ ಡಿಸ್ಕನ್ನು ಮಿಂಟ್ ಓದಲು ಮಾತ್ರ ತೆರೆಯುತ್ತದೆ. ‘ಫೈಲ್ ಕಾಣ್ತದೆ, ಸೇವ್ ಆಗ್ತಿಲ್ಲ’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ.

ಇನ್‌ಸ್ಟಾಲ್ ಮಾಡಲು ಇಳಿಸಿಕೊಳ್ಳುವ ಮಿಂಟ್‌ನ ಐಎಸ್‌ಒ ಫೈಲ್ ಸುಮಾರು 3 ಜಿಬಿ. 8 ಜಿಬಿಯ ಪೆನ್‌ಡ್ರೈವ್‌ಗೆ ರುಫಸ್ ಅಥವಾ ವೆಂಟಾಯ್ ಎಂಬ ಪ್ರೋಗ್ರಾಂ ಬಳಸಿ ಹಾಕಿ, ಸುಮ್ಮನೆ ಕಾಪಿ ಮಾಡಿದರೆ ಯಂತ್ರ ಅದರಿಂದ ಶುರುವಾಗುವುದಿಲ್ಲ (ಬೂಟ್ ಆಗುವುದಿಲ್ಲ). ಪೆನ್‌ಡ್ರೈವ್ ಚುಚ್ಚಿ ಆನ್ ಮಾಡಿದ ಕೂಡಲೇ ಡೆಲ್, ಲೆನೊವೊಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತುತ್ತಾ ಇದ್ದರೆ ಬೂಟ್ ಮೆನು ಬರುತ್ತದೆ. ಏಸರ್‌ನಲ್ಲಿಯೂ ಎಫ್12, ಆದರೆ ಅನೇಕ ಮಾಡೆಲ್‌ಗಳಲ್ಲಿ ಮೊದಲು ಬಯಾಸ್ ಒಳಗೆ ಆ ಮೆನುವನ್ನು ಆನ್ ಮಾಡಬೇಕು. ಬಂದ ಮೇಲೆ ತಕ್ಷಣ ಇನ್‌ಸ್ಟಾಲ್ ಒತ್ತಬೇಡಿ. ಪೆನ್‌ಡ್ರೈವ್‌ನಿಂದಲೇ ಓಡುತ್ತಿರುವ ಮಿಂಟ್‌ನಲ್ಲಿ ವೈಫೈ, ಧ್ವನಿ, ಪ್ರಿಂಟರ್, ಕ್ಯಾಮೆರಾ ಪರೀಕ್ಷಿಸಿ. ವೈಫೈ ಕಾಣದಿದ್ದರೆ ಮೊಬೈಲನ್ನು ಕೇಬಲ್‌ನಲ್ಲಿ ಜೋಡಿಸಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ, ನೆಟ್ ಸಿಗುತ್ತದೆ. ಆಮೇಲೆ ‘ಡ್ರೈವರ್ ಮ್ಯಾನೇಜರ್’ ತೆರೆದರೆ ಬೇಕಾದ ವೈಫೈ ಡ್ರೈವರನ್ನು ಅದೇ ಹುಡುಕಿಕೊಡುವ ಸಾಧ್ಯತೆ ಹೆಚ್ಚು.

ಇನ್‌ಸ್ಟಾಲ್ ಮಾಡುವಾಗ ಡಿಸ್ಕೇ ಕಾಣಿಸದಿದ್ದರೆ ಬಯಾಸ್‌ನಲ್ಲಿ ಡಿಸ್ಕ್ ನಡೆಸುವ ಇಂಟೆಲ್ ಆರ್‌ಎಸ್‌ಟಿ ಎಂಬ ವಿಧಾನ ಚಾಲೂ ಇರಬಹುದು, ಅದನ್ನು ಸಾಮಾನ್ಯ ವಿಧಾನವಾದ ಎಎಚ್‌ಸಿಐಗೆ ಬದಲಿಸಬೇಕು. ವಿಂಡೋಸನ್ನೂ ಉಳಿಸಿಕೊಳ್ಳುವವರು ಎಚ್ಚರ, ಹಾಗೆ ಬದಲಿಸಿದರೆ ಹಳೆಯ ವಿಂಡೋಸ್ ತೆರೆದುಕೊಳ್ಳದಿರಬಹುದು. ‘ಇರೇಸ್ ಡಿಸ್ಕ್’ ಎಂಬ ಆಯ್ಕೆ ಸಿ ಡ್ರೈವನ್ನು ಮಾತ್ರವಲ್ಲ, ಅದೇ ಡಿಸ್ಕಿನ ಮೇಲಿರುವ ಡಿ, ಇ ಎಲ್ಲವನ್ನೂ ಒರೆಸುತ್ತದೆ. ಮಕ್ಕಳ ಫೋಟೋಗಳು ಹೋಗುವುದು ಇಲ್ಲೇ. ಬ್ಯಾಕಪ್ ಬೇರೆ ಡಿಸ್ಕಿನಲ್ಲಿರಲಿ, ಅದನ್ನು ಕಂಪ್ಯೂಟರ್‌ನಿಂದ ಕಿತ್ತಿಟ್ಟ ಮೇಲೆ ಇನ್‌ಸ್ಟಾಲ್ ಶುರುಮಾಡಿ.

ಫೈಲು, ಪ್ರೋಗ್ರಾಂ, ಪಾಸ್‌ವರ್ಡ್

ಮಿಂಟ್‌ನಲ್ಲಿ ಸಿ, ಡಿ ಎಂಬ ಅಕ್ಷರಗಳಿಲ್ಲ. ನಿಮ್ಮದೆಲ್ಲ ‘ಹೋಮ್’ ಒಳಗೆ: ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್. ವಿಂಡೋಸ್ ಕಾಲದ ಡಿ ಡ್ರೈವ್ ಉಳಿದಿದ್ದರೆ ಅದು ಫೈಲ್ ಕಿಟಕಿಯ ಎಡಪಟ್ಟಿಯಲ್ಲಿ ತನ್ನ ಹೆಸರಿನಲ್ಲೋ ‘500 ಜಿಬಿ ವಾಲ್ಯೂಮ್’ ಎಂದೋ ಕಾಣುತ್ತದೆ, ಒತ್ತಿದ ಮೇಲಷ್ಟೇ ತೆರೆಯುತ್ತದೆ. ಹಾಕಿಕೊಡುವವರು ವಿಂಡೋಸ್‌ನಲ್ಲಿದ್ದಾಗಲೇ ಆ ಡ್ರೈವಿಗೆ ‘ಡಿ-ಲೆಕ್ಕ’ ಎಂದೇನಾದರೂ ಹೆಸರಿಟ್ಟು, ಬೇಕಾದ ಫೋಲ್ಡರಿನ ಕೊಂಡಿಯನ್ನು ಡೆಸ್ಕ್‌ಟಾಪ್‌ಗೆ ತಂದಿಟ್ಟರೆ ಈ ಅಧ್ಯಾಯ ಅಲ್ಲಿಗೆ ಮುಗಿಯಿತು. ಇನ್ನೊಂದು ಸಣ್ಣ ಬಲೆ: ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರ ಇಲ್ಲಿ ಬೇರೆ ಬೇರೆ. ಹೆಸರಿನ ಮೊದಲಕ್ಷರವಷ್ಟೇ ದೊಡ್ಡದಾಗಿದ್ದರೂ ಅದು ಇನ್ನೊಂದು ಫೈಲ್. ಒಂದೇ ಪತ್ರ ಎರಡು ಕಡೆ ಉಳಿದು, ತಿದ್ದಿದ್ದು ಯಾವುದು ಎಂಬ ಗೊಂದಲ ಹೀಗೆ ಹುಟ್ಟುತ್ತದೆ.

ಪೆನ್‌ಡ್ರೈವ್ ವಿಷಯದಲ್ಲಿ ಹಳೆಯ ಚಾಳಿ ನಿಜಕ್ಕೂ ನಷ್ಟ ತರುತ್ತದೆ. ದೊಡ್ಡ ಫೈಲ್ ಕಾಪಿ ಮಾಡಿದಾಗ ಲಿನಕ್ಸ್ ಅದನ್ನು ಮೊದಲು ಮೆಮೊರಿಗೆ ತುಂಬಿಕೊಂಡು ‘ಮುಗಿಯಿತು’ ಎನ್ನುತ್ತದೆ. ಪೆನ್‌ಡ್ರೈವಿಗೆ ಬರೆಯುವ ಕೆಲಸ ಹಿಂದುಗಡೆ ನಡೆಯುತ್ತಲೇ ಇರುತ್ತದೆ. ಕೂಡಲೇ ಕಿತ್ತರೆ ಹೆಸರು ಇರುತ್ತದೆ, ಒಳಗೆ ಏನೂ ಇರುವುದಿಲ್ಲ. ಎಡಪಟ್ಟಿಯಲ್ಲಿ ಪೆನ್‌ಡ್ರೈವ್ ಹೆಸರಿನ ಪಕ್ಕದ ಬಾಣದ ಗುರುತು ಒತ್ತಿ, ತೆಗೆಯಬಹುದು ಎಂಬ ಸೂಚನೆ ಬರುವವರೆಗೆ ಕಾಯಬೇಕು. ಹಳೆಯ ಪೆನ್‌ಡ್ರೈವ್ ಆದರೆ ಅದಕ್ಕೆ ನಾಲ್ಕೈದು ನಿಮಿಷ ಹಿಡಿದರೂ ಆಶ್ಚರ್ಯವಿಲ್ಲ.

ಪ್ರೋಗ್ರಾಂ ಬೇಕಾದಾಗ ಗೂಗಲ್‌ನಲ್ಲಿ ಹುಡುಕಿ, ಹಸಿರು ‘ಡೌನ್‌ಲೋಡ್’ ಒತ್ತಿ, ಬಂದ ಎಕ್ಸ್‌ಇ ಫೈಲನ್ನು ಎರಡು ಸಲ ಒತ್ತುವುದು ಇಪ್ಪತ್ತು ವರ್ಷದ ರೂಢಿ. ಇಲ್ಲಿ ಎಕ್ಸ್‌ಇ ಓಡುವುದಿಲ್ಲ. ಮೊಬೈಲಿನ ಪ್ಲೇಸ್ಟೋರ್ ಇದ್ದಂತೆ ಇಲ್ಲಿ ‘ಸಾಫ್ಟ್‌ವೇರ್ ಮ್ಯಾನೇಜರ್’ ಇದೆ, ಎಲ್ಲವನ್ನೂ ಅಲ್ಲಿಂದಲೇ ತೆಗೆದುಕೊಳ್ಳಬೇಕು ಎಂದರೆ ಯಾರಿಗೂ ತಿಳಿಯುತ್ತದೆ. ಕ್ರೋಮ್ ಬೇಕೇ ಬೇಕು ಎನ್ನುವವರಿಗೆ ಮಾತ್ರ ವಿನಾಯಿತಿ: ಗೂಗಲ್ ತಾಣದಿಂದಲೇ ಡೆಬ್ ಎಂಬ ಬಗೆಯ ಫೈಲ್ ಇಳಿಸಿ ಎರಡು ಸಲ ಒತ್ತಬೇಕು. ವಾಟ್ಸಾಪ್‌ಗೆ ಲಿನಕ್ಸ್ ಆಪ್ ಇಲ್ಲ, ಬ್ರೌಸರ್‌ನಲ್ಲಿ ವಾಟ್ಸಾಪ್ ವೆಬ್ ತೆರೆಯುವುದು.

ಪಾಸ್‌ವರ್ಡ್ ಕಿರಿಕಿರಿ ಎರಡು ಬಗೆ. ಅಪ್‌ಡೇಟ್ ಹಾಕುವಾಗ ಕೇಳುವುದು ಸಹಜವಾದದ್ದು, ಲಾಗಿನ್ ಪಾಸ್‌ವರ್ಡನ್ನೇ ಕೊಟ್ಟರಾಯಿತು. ಬ್ರೌಸರ್ ತೆರೆದ ಕೂಡಲೇ ‘ಕೀರಿಂಗ್’ ಎಂದು ಕೇಳುವುದು ಮಾತ್ರ ಜನರನ್ನು ಹೆದರಿಸುತ್ತದೆ, ವೈರಸ್ ಬಂದಿದೆ ಎಂದುಕೊಳ್ಳುತ್ತಾರೆ. ಕಾರಣ ಸರಳ. ಬ್ರೌಸರ್ ಉಳಿಸಿಟ್ಟ ಪಾಸ್‌ವರ್ಡುಗಳಿಗೆ ಒಂದು ಬೀಗ ಇರುತ್ತದೆ, ಲಾಗಿನ್ ಆಗುವಾಗ ನೀವು ಟೈಪ್ ಮಾಡುವ ಪಾಸ್‌ವರ್ಡೇ ಅದನ್ನು ತೆಗೆಯುತ್ತದೆ. ‘ಅಮ್ಮನಿಗೆ ಸುಲಭ ಆಗಲಿ’ ಎಂದು ಆಟೊಮ್ಯಾಟಿಕ್ ಲಾಗಿನ್ ಇಟ್ಟುಬಿಟ್ಟರೆ ಪಾಸ್‌ವರ್ಡ್ ಟೈಪ್ ಆಗುವುದೇ ಇಲ್ಲ, ಬೀಗ ಹಾಗೇ ಉಳಿಯುತ್ತದೆ. ಆಟೊಮ್ಯಾಟಿಕ್ ಲಾಗಿನ್ ತೆಗೆದುಹಾಕಿ, ಚಿಕ್ಕದಾದರೂ ನೆನಪಿರುವ ಪಾಸ್‌ವರ್ಡ್ ಇಡಿ. ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಾದ ‘ಟರ್ಮಿನಲ್’ ತೆರೆಯುವ ಸಂದರ್ಭ ಬಂದರೆ ಅಲ್ಲಿ ಪಾಸ್‌ವರ್ಡ್ ಟೈಪ್ ಮಾಡುವಾಗ ಚುಕ್ಕಿ ಕೂಡ ಕಾಣದಿರಬಹುದು. ಕೀಬೋರ್ಡ್ ಕೆಟ್ಟಿಲ್ಲ, ಟೈಪ್ ಮಾಡಿ ಎಂಟರ್ ಒತ್ತಿ.

ಮೆನುಗಳನ್ನು ಕನ್ನಡಕ್ಕೆ ಬದಲಿಸಬೇಕೇ? ಹೊಸದಾಗಿ ಕಲಿಯುವವರಾದರೆ ಬದಲಿಸಬಹುದು. ‘ಸೇವ್ ಆ್ಯಸ್’, ‘ಪೇಸ್ಟ್’ ಎಂದೇ ಗುರುತಿಟ್ಟುಕೊಂಡವರಿಗೆ ಬೇಡ. ಅನುವಾದ ಅಲ್ಲಲ್ಲಿ ಅರ್ಧಕ್ಕೆ ನಿಂತಿರುತ್ತದೆ, ಫೋನಿನಲ್ಲಿ ದಾರಿ ಹೇಳುವವರಿಗೂ ಎಲ್ಲಿ ಏನು ಬರೆದಿದೆ ಎಂದು ತಿಳಿಯುವುದಿಲ್ಲ.

ಕನ್ನಡ

ಅತಿ ಹೆಚ್ಚು ಸಮಯ ತಿನ್ನುವುದು ಇದು, ಇದರಲ್ಲಿ ಎರಡು ಬೇರೆ ಬೇರೆ ಸಮಸ್ಯೆಗಳು ಬೆರೆತಿರುತ್ತವೆ: ಹೊಸದಾಗಿ ಕನ್ನಡ ಬರೆಯುವುದು ಮತ್ತು ಹಳೆಯ ಕನ್ನಡ ಫೈಲ್ ಓದುವುದು.

ಬರೆಯುವುದನ್ನು ಮೊದಲು ನೋಡೋಣ. ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ ಬಳಸುತ್ತಿದ್ದ, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ಮಿಂಟ್‌ನಲ್ಲೂ ಸಿಗುತ್ತದೆ, ಆದರೆ ಎರಡು ಕಡೆ, ಎರಡು ರೂಪದಲ್ಲಿ. ಕೀಬೋರ್ಡ್ ಸೆಟ್ಟಿಂಗ್‌ನ ‘ಲೇಔಟ್ಸ್’ ಒಳಗೆ ‘ಕನ್ನಡ, ಕಗಪ, ಫೊನೆಟಿಕ್’ ಎಂಬುದು ಸುಲಭವಾಗಿ ಕಣ್ಣಿಗೆ ಬೀಳುತ್ತದೆ, ಎಲ್ಲರೂ ಅದನ್ನೇ ಹಾಕಿಕೊಂಡು ಸಿಟ್ಟಾಗುತ್ತಾರೆ. ಅದು ಒಂದು ಕೀಗೆ ಒಂದು ಗುರುತು ಕೊಡುವುದಷ್ಟೇ. ಹಿಂದೆ ವ್ಯಂಜನ ಇತ್ತೇ ಎಂದು ನೋಡುವುದಿಲ್ಲ, ಹಾಗಾಗಿ ‘ಆ’ ಎಂಬ ಸ್ವರ ಬೇಕೋ ದೀರ್ಘದ ಗುರುತು ಬೇಕೋ ಎಂದು ಬಲಗಡೆಯ ಆಲ್ಟ್ ಕೀ ಹಿಡಿದು ನೀವೇ ಹೇಳಬೇಕು. ನುಡಿಯ ಬೆರಳುಗಳಿಗೆ ಇದು ಒಗ್ಗುವುದಿಲ್ಲ.

ಬೇಕಾದದ್ದು ಇನ್ನೊಂದು. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಭಾರತೀಯ ಭಾಷೆಗಳ ಟೈಪಿಂಗಿಗೆ ಬಳಸುವ ‘ಐಬಸ್-ಎಂ17ಎನ್’ (ibus-m17n) ಹುಡುಕಿ ಹಾಕಿ. ‘ಇನ್‌ಪುಟ್ ಮೆಥಡ್’ ತೆರೆದು ಐಬಸ್ ಆರಿಸಿ. ಲಾಗೌಟ್ ಆಗಿ ಮತ್ತೆ ಬನ್ನಿ, ಈ ಹೆಜ್ಜೆ ಬಿಟ್ಟರೆ ಏನೂ ಬದಲಾಗಿರುವುದಿಲ್ಲ. ಆಮೇಲೆ ‘ಐಬಸ್ ಪ್ರಿಫರೆನ್ಸಸ್’ನಲ್ಲಿ ‘ಇನ್‌ಪುಟ್ ಮೆಥಡ್’ ಪುಟ, ‘ಆ್ಯಡ್’, ಕನ್ನಡ, ಅದರೊಳಗೆ ‘ಕೆಜಿಪಿ’. ಇಂಗ್ಲಿಷಿನಿಂದ ಕನ್ನಡಕ್ಕೆ ವಿಂಡೋಸ್ ಗುರುತಿನ ಕೀ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ. ಈಗ ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿ ನೋಡಿ: ‘ಕನ್ನಡ’ ಬರುತ್ತದೆ. ಎಫ್ ಎಂದರೆ ಒತ್ತು ಹಾಕುವ ಅರ್ಧಚಿಹ್ನೆ, ಡಬ್ಲ್ಯು ಎಂದರೆ ಡ, ಎಲ್ಲ ನುಡಿಯಲ್ಲಿದ್ದಂತೆಯೇ. ‘ಬರಹ’ದಲ್ಲಿ ಉಚ್ಚಾರದಂತೆ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಅಭ್ಯಾಸವಿದ್ದವರು ಅದೇ ಪಟ್ಟಿಯಲ್ಲಿ ‘ಐಟ್ರಾನ್ಸ್’ ಆರಿಸಿದರೆ ಹೆಚ್ಚು ಕಡಿಮೆ ಅದೇ ಪದ್ಧತಿ. ಇನ್‌ಸ್ಕ್ರಿಪ್ಟ್ ಕಲಿತವರಿಗೂ ಅಲ್ಲೇ ಇದೆ. ಮೊದಲಿನ ಕಗಪ ಲೇಔಟನ್ನು ತೆಗೆದುಹಾಕಲು ಮರೆಯಬೇಡಿ. ಅದು ಉಳಿದರೆ ಸ್ಕ್ರೀನ್ ಲಾಕ್ ಆದಾಗ ಪಾಸ್‌ವರ್ಡ್ ಕನ್ನಡದಲ್ಲಿ ಬಿದ್ದು, ಎಷ್ಟು ಸಲ ಸರಿಯಾಗಿ ಹೊಡೆದರೂ ‘ತಪ್ಪು’ ಎನ್ನುತ್ತದೆ.

ಲಿಬ್ರೆಆಫೀಸ್‌ನಲ್ಲಿ ಇನ್ನೊಂದು ತೊಡಕು. ಅಕ್ಷರ ಶೈಲಿ ಬದಲಿಸಿದರೆ ಇಂಗ್ಲಿಷ್ ಬದಲಾಗುತ್ತದೆ, ಕನ್ನಡ ಹಾಗೇ ಇರುತ್ತದೆ. ಅದು ಇಂಗ್ಲಿಷಿಗೊಂದು, ಕನ್ನಡದಂಥ ಲಿಪಿಗಳಿಗೊಂದು ಬೇರೆ ಫಾಂಟ್ ಮತ್ತು ಗಾತ್ರ ಇಟ್ಟುಕೊಂಡಿರುತ್ತದೆ, ಎರಡನೆಯದಕ್ಕೆ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಎಂದು ಹೆಸರು. ಟೂಲ್ಸ್, ಆಪ್ಶನ್ಸ್, ಭಾಷೆಗಳ ವಿಭಾಗದಲ್ಲಿ ಅದನ್ನು ಆನ್ ಮಾಡಿ ಕನ್ನಡ ಎಂದು ಆರಿಸಿ. ನಂತರ ‘ಫಾರ್ಮ್ಯಾಟ್’ ಮೆನುವಿನ ‘ಕ್ಯಾರೆಕ್ಟರ್’ ಕಿಟಕಿಯಲ್ಲಿ ಕನ್ನಡದ ಫಾಂಟ್ ಪ್ರತ್ಯೇಕವಾಗಿ ಕಾಣುತ್ತದೆ. ನೋಟೋ ಸಾನ್ಸ್ ಕನ್ನಡ, ಲೋಹಿತ್, ಗುಬ್ಬಿ, ನವಿಲು ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲೇ ಸಿಗುತ್ತವೆ.

ಇನ್ನು ಹಳೆಯ ಫೈಲುಗಳು. ವಿಂಡೋಸ್‌ನಲ್ಲಿ ಚೆನ್ನಾಗಿದ್ದ ಸಂಘದ ನಡಾವಳಿ ಮಿಂಟ್‌ನಲ್ಲಿ ತೆರೆದರೆ ತಲೆ ಮೇಲೆ ಚುಕ್ಕಿ, ಕೊಂಬು ಇರುವ ಯುರೋಪಿನ ಅಕ್ಷರಗಳ ರಾಶಿ. ಫೈಲ್ ಕೆಟ್ಟಿಲ್ಲ. ಅದು ಎಲ್ಲ ಯಂತ್ರಗಳಿಗೂ ಒಂದೇ ಆದ ಯೂನಿಕೋಡ್ ಪದ್ಧತಿಯ ಕನ್ನಡವಲ್ಲ, ಹಳೆಯ ಆಸ್ಕಿ ಪದ್ಧತಿಯದು. ಯೂನಿಕೋಡ್‌ನಲ್ಲಿ ‘ಕ’ ಎಂಬುದಕ್ಕೆ ತನ್ನದೇ ಸಂಖ್ಯೆ ಇದೆ. ಆಸ್ಕಿ ಪದ್ಧತಿಯಲ್ಲಿ ಪಾಶ್ಚಾತ್ಯ ಅಕ್ಷರಗಳ ಸಂಖ್ಯೆಗಳನ್ನೇ ಬಳಸಿ, ಆ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನಿಟ್ಟ ಫಾಂಟ್ ಹಾಕಿರುತ್ತಾರೆ. ಫಾಂಟ್ ಇರುವ ಯಂತ್ರದಲ್ಲಿ ಕನ್ನಡ, ಇಲ್ಲದ ಯಂತ್ರದಲ್ಲಿ ಗೋಜಲು.

ಓದಲು, ಪ್ರಿಂಟ್ ತೆಗೆಯಲು ಮಾತ್ರ ಬೇಕಿದ್ದರೆ ಹಳೆಯ ಯಂತ್ರದ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟುಗಳನ್ನು ಕಾಪಿ ಮಾಡಿ ತಂದು, ಒಂದೊಂದನ್ನೂ ಎರಡು ಸಲ ಒತ್ತಿ ‘ಇನ್‌ಸ್ಟಾಲ್’ ಕೊಡಿ. ತಿದ್ದಬೇಕಿದ್ದರೆ ಆಸ್ಕಿಯಿಂದ ಯೂನಿಕೋಡ್‌ಗೆ ಪರಿವರ್ತಿಸಬೇಕು, ಅದಕ್ಕೆ ಉಚಿತ ಪರಿವರ್ತಕಗಳು ಅಂತರ್ಜಾಲದಲ್ಲಿವೆ. ಪರಿವರ್ತನೆಯಾದ ಮೇಲೆ ಎರಡು ಕಡೆ ಕಣ್ಣಾಡಿಸಲೇಬೇಕು. ಮೊದಲನೆಯದು ಅರ್ಕಾವತ್ತು: ‘ಕಾರ್ಯ’, ‘ಧರ್ಮ’ ಮುಂತಾದವುಗಳಲ್ಲಿ ಆಸ್ಕಿ ಫೈಲು ಅರ್ಕಾವತ್ತನ್ನು ಕಣ್ಣಿಗೆ ಕಾಣುವಂತೆ ಅಕ್ಷರದ ಆಚೆಗೆ ಇಟ್ಟಿರುತ್ತದೆ, ಯೂನಿಕೋಡ್‌ನಲ್ಲಿ ಉಚ್ಚಾರದಂತೆ ‘ರ್’ ಮೊದಲು ಬರಬೇಕು. ಈ ಅದಲುಬದಲಿನಲ್ಲಿ ತಪ್ಪು ನುಸುಳುತ್ತದೆ. ಎರಡನೆಯದು ನಡುನಡುವೆ ಬಂದ ಇಂಗ್ಲಿಷ್ ಪದ, ಖಾತೆ ಸಂಕೇತ, ಇಮೇಲ್ ವಿಳಾಸ. ಯಾವುದು ನಿಜವಾದ ಇಂಗ್ಲಿಷ್, ಯಾವುದು ಕನ್ನಡದ ವೇಷ ಎಂದು ಪರಿವರ್ತಕಕ್ಕೆ ಗೊತ್ತಾಗದೆ ಅವೂ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ. ಮೂಲ ಫೈಲನ್ನು ಅಳಿಸಬೇಡಿ.

ಯೂನಿಕೋಡ್‌ನಲ್ಲೇ ಮಾಡಿದ ವರ್ಡ್ ಫೈಲು ಕೂಡ ಪುಟ ಜರುಗಬಹುದು. ಕ್ಯಾಲಿಬ್ರಿಗೆ ಬದಲಾಗಿ ಕಾರ್ಲಿಟೊ, ಟೈಮ್ಸ್‌ಗೆ ಬದಲಾಗಿ ಲಿಬರೇಶನ್ ಸೆರಿಫ್ ಎಂದು ಇಂಗ್ಲಿಷಿಗೆ ಅದೇ ಅಳತೆಯ ಫಾಂಟುಗಳಿವೆ, ಸಾಲು ಕದಲುವುದಿಲ್ಲ. ವಿಂಡೋಸ್‌ನ ತುಂಗಾ, ನಿರ್ಮಲಾ ಫಾಂಟುಗಳ ಬದಲಿಗೆ ನೋಟೋ ಬಂದು ಕೂತಾಗ ಅಳತೆ ಬೇರೆಯಾಗಿ, ಎರಡು ಪುಟದ ಅರ್ಜಿ ಮೂರನೆಯ ಪುಟಕ್ಕೆ ಇಣುಕುತ್ತದೆ. ಝೆರಾಕ್ಸ್ ಅಂಗಡಿಗೆ ಕಳಿಸುವಾಗ ಯಾವತ್ತೂ ಪಿಡಿಎಫ್ ಮಾಡಿಯೇ ಕಳಿಸಿ. ಲಿಬ್ರೆಆಫೀಸ್‌ನ ಮೇಲುಪಟ್ಟಿಯಲ್ಲೇ ಅದಕ್ಕೊಂದು ಗುಂಡಿ ಇದೆ, ಫಾಂಟು ಫೈಲಿನೊಳಗೇ ಹೋಗುವುದರಿಂದ ಅಲ್ಲಿ ಕನ್ನಡ ಒಡೆಯುವುದಿಲ್ಲ. ತಿದ್ದಲು ಕಳಿಸುವುದಿದ್ದರೆ ‘ಲೋಡ್/ಸೇವ್’ ಸೆಟ್ಟಿಂಗ್‌ನಲ್ಲಿ ಯಾವಾಗಲೂ ವರ್ಡ್ ರೂಪದಲ್ಲೇ ಉಳಿಸು ಎಂದು ಒಮ್ಮೆ ಹೇಳಿಡಿ.

ಪ್ರಿಂಟರ್, ಗಡಿಯಾರ, ಕೆಟ್ಟಾಗ

ವೈಫೈ ಇರುವ ಹೊಸ ಪ್ರಿಂಟರುಗಳು ಬಹುತೇಕ ತಾವಾಗಿ ಕಾಣಿಸಿಕೊಳ್ಳುತ್ತವೆ. ತೊಂದರೆ ಹಳೆಯ ಗಟ್ಟಿ ಯಂತ್ರಗಳದ್ದು. ಎಚ್‌ಪಿ ಲೇಸರ್‌ಜೆಟ್ 1020, ಪಿ1007 ಇಂಥವಕ್ಕೆ ಎಚ್‌ಪಿಯ ಲಿನಕ್ಸ್ ಡ್ರೈವರ್ ಆದ ‘ಎಚ್‌ಪಿಲಿಪ್’ ಜೊತೆಗೆ ಒಂದು ಪ್ಲಗಿನ್ ನೆಟ್‌ನಿಂದ ಇಳಿಸಬೇಕು. ಎಚ್‌ಪಿಲಿಪ್ ಮುಂದೆ ಅಪ್‌ಡೇಟ್ ಆದಾಗ ಪ್ಲಗಿನ್ ಹಳತಾಗಿ, ನಿನ್ನೆ ಓಡಿದ್ದು ಇವತ್ತು ನಿಲ್ಲುತ್ತದೆ. ಪ್ಲಗಿನ್ ಮತ್ತೆ ಇಳಿಸಿದರೆ ಸರಿ. ಕ್ಯಾನನ್ ಎಲ್‌ಬಿಪಿ2900 ಇದ್ದರೆ ಮಾತ್ರ ಪೆನ್‌ಡ್ರೈವ್ ಹಂತದಲ್ಲೇ ಪ್ರಿಂಟ್ ತೆಗೆದು ನೋಡಿ. ಅದರ ಲಿನಕ್ಸ್ ಡ್ರೈವರ್ ಹಳೆಯದು, ಕೂರಿಸುವುದು ಹೊಸಬರ ಕೈಯಲ್ಲಿ ಆಗುವಂಥದ್ದಲ್ಲ.

ಎರಡೂ ಸಿಸ್ಟಂ ಇರುವ ಯಂತ್ರದಲ್ಲಿ ಮಿಂಟ್‌ನಿಂದ ವಿಂಡೋಸ್‌ಗೆ ಹೋದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ಇರುತ್ತದೆ. ಯಂತ್ರದೊಳಗಿನ ಗಡಿಯಾರದಲ್ಲಿ ಲಿನಕ್ಸ್ ಅಂತರರಾಷ್ಟ್ರೀಯ ಸಮಯ ಬರೆಯುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಎಂದು ಓದುತ್ತದೆ. ಟರ್ಮಿನಲ್‌ನಲ್ಲಿ ‘timedatectl set-local-rtc 1’ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಇಬ್ಬರೂ ಒಂದೇ ಲೆಕ್ಕಕ್ಕೆ ಬರುತ್ತಾರೆ.

ಎಲ್ಲ ಸರಿಯಾದ ದಿನವೇ ‘ಟೈಮ್‌ಶಿಫ್ಟ್’ ಎಂಬ ಪ್ರೋಗ್ರಾಂ ತೆರೆದು ಒಂದು ಸ್ನ್ಯಾಪ್‌ಶಾಟ್, ಅಂದರೆ ಸಿಸ್ಟಂನ ಆ ದಿನದ ಪ್ರತಿ, ತೆಗೆಯಿರಿ, ವಾರಕ್ಕೊಂದು ತಾನಾಗಿ ತೆಗೆಯುವಂತೆ ಇಟ್ಟು ಎರಡು ಮೂರು ಮಾತ್ರ ಉಳಿಸಿಕೊಳ್ಳಲು ಹೇಳಿ, ಇಲ್ಲದಿದ್ದರೆ ಡಿಸ್ಕ್ ತುಂಬುತ್ತದೆ. ಅಪ್‌ಡೇಟ್ ನಂತರ ಏನಾದರೂ ಕೆಟ್ಟರೆ ಹಿಂದಿನ ದಿನಕ್ಕೆ ಮರಳಬಹುದು. ಇದು ಸಿಸ್ಟಂಗೆ ಮಾತ್ರ. ಹೋಮ್ ಒಳಗಿನ ಫೋಟೋ, ಪತ್ರಗಳನ್ನು ಟೈಮ್‌ಶಿಫ್ಟ್ ಮುಟ್ಟುವುದೇ ಇಲ್ಲ, ಅವುಗಳ ಬ್ಯಾಕಪ್ ಬೇರೆ ಡಿಸ್ಕಿಗೆ ಆಗಬೇಕು.

ಸಹಾಯಕ್ಕೆ ಫೋನ್ ಮಾಡುವ ಮುಂಚೆ ಬಂದ ಸಂದೇಶವನ್ನು ಮುಚ್ಚದೆ ‘ಪ್ರಿಂಟ್ ಸ್ಕ್ರೀನ್’ ಕೀ ಒತ್ತಿ ಚಿತ್ರ ತೆಗೆಯುವುದನ್ನು ಬಳಸುವವರಿಗೆ ಕಲಿಸಿಡಿ. ಚಿತ್ರವನ್ನು ‘ಪಿಕ್ಚರ್ಸ್’ ಫೋಲ್ಡರಿನಲ್ಲಿ ಉಳಿಸಿ, ಅಲ್ಲಿಂದ ವಾಟ್ಸಾಪ್ ವೆಬ್‌ಗೆ ಎಳೆದುಹಾಕಿದರೆ ನಿಮಗೆ ತಲುಪುತ್ತದೆ. ‘ಏನೋ ಬಂತು, ಓಕೆ ಒತ್ತಿದೆ, ಹೋಯ್ತು’ ಎಂಬ ವಿವರಣೆಯಿಂದ ಯಾವ ತಜ್ಞನಿಗೂ ಏನೂ ತಿಳಿಯುವುದಿಲ್ಲ.